ಚಂದ್ರನ ಗಾಳಿ ಯಾವುದು, ನೌಕೆಯ ಗಾಳಿ ಯಾವುದು?

ಈ ಸಲದ ಪ್ರಶ್ನೆಗಳೆಲ್ಲ ಶಿವಮೊಗ್ಗ ಮತ್ತು ಸುತ್ತಲ ಮಲೆನಾಡಿನಿಂದ ಬಂದವು. ಚಂದ್ರಯಾನ-2 ನೌಕೆ ಚಂದ್ರನ ಅನಿಲಗಳ ಬಗ್ಗೆ ಕಳಿಸಿದ ಮಾಹಿತಿ ಸುದ್ದಿಯಾದ ಮೇಲೆ ಬರೆದವರೇ ಹೆಚ್ಚು. ಎಲ್ಲವೂ ಒಂದೇ ವಿಷಯದ ಸುತ್ತ ಇರುವುದರಿಂದ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಪಾಠಪುಸ್ತಕದಲ್ಲಿ ಚಂದ್ರನ ಮೇಲೆ ಗಾಳಿಯಿಲ್ಲ ಅಂತಿದೆ. ಪತ್ರಿಕೆಯಲ್ಲಿ ‘ಚಂದ್ರನ ವಾತಾವರಣ’ ಅಂತ ಬರುತ್ತದೆ. ಮಕ್ಕಳು ಕೇಳಿದರೆ ಯಾವುದನ್ನು ಹೇಳಲಿ?
*ಹೈಸ್ಕೂಲ್ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು*

ಎರಡನ್ನೂ ಹೇಳಿ ಮೇಷ್ಟ್ರೇ, ಆದರೆ ಅಂಕಿ ಸಮೇತ ಹೇಳಿ. ಸಮುದ್ರಮಟ್ಟದ ನಮ್ಮ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ, ಅಂದರೆ ಒಂದು ಸಣ್ಣ ಬೆಲ್ಲದ ಚೂರು ಹಿಡಿಸುವಷ್ಟು ಜಾಗದಲ್ಲಿ, ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಚಂದ್ರನ ನೆಲದ ಮೇಲೆ, ರಾತ್ರಿ ಹೊತ್ತು, ಅಷ್ಟೇ ಜಾಗದಲ್ಲಿ ಇರುವುದು ಸುಮಾರು ಎರಡು ಲಕ್ಷ. ‘ಕೋಟಿ ಕೋಟಿ’ ಎಂಬ ಎರಡು ಪದ ಬಿಟ್ಟುಹೋದವಲ್ಲ, ವ್ಯತ್ಯಾಸ ಅಷ್ಟು. ಇಡೀ ಚಂದ್ರನ ಸುತ್ತ ಇರುವ ಅನಿಲವನ್ನೆಲ್ಲ ಒಟ್ಟುಗೂಡಿಸಿ ತೂಗಿದರೆ ಸುಮಾರು 25 ಟನ್ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಶಿವಮೊಗ್ಗದ ಮಂಡಿಗೆ ಬರುವ ಎರಡು ಮೂರು ಲಾರಿ ಅಡಿಕೆಯ ತೂಕ ಅಷ್ಟೇ.

ಪ್ರಮಾಣ ಮಾತ್ರವಲ್ಲ, ಅದರ ನಡವಳಿಕೆಯೂ ಬೇರೆ. ನಮ್ಮ ಗಾಳಿಯಲ್ಲಿ ಅಣುಗಳು ಕ್ಷಣಕ್ಷಣವೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಗಾಳಿ ಬೀಸುವುದು, ಸದ್ದು ಸಾಗುವುದು ಆ ಡಿಕ್ಕಿಗಳಿಂದಲೇ. ಚಂದ್ರನ ಮೇಲೆ ಒಂದು ಪರಮಾಣು ಇನ್ನೊಂದಕ್ಕೆ ತಾಗಬೇಕಾದರೆ ಸಾವಿರಾರು ಕಿಲೋಮೀಟರ್ ಹೋಗಬೇಕು, ಅಷ್ಟರೊಳಗೆ ಅದು ನೆಲಕ್ಕೇ ಬಿದ್ದಿರುತ್ತದೆ. ಬಾಣಲೆಯಲ್ಲಿ ಭತ್ತದ ಅರಳು ಹುರಿಯುವಾಗ ಒಂದೊಂದು ಕಾಳೂ ತನ್ನ ಪಾಡಿಗೆ ಚಿಮ್ಮಿ ಮತ್ತೆ ಬಾಣಲೆಗೆ ಬೀಳುತ್ತದಲ್ಲ, ಆ ಚಿತ್ರವನ್ನು ಮಕ್ಕಳಿಗೆ ಕೊಡಿ. ಇಂಥ ಡಿಕ್ಕಿಯಿಲ್ಲದ ವಾತಾವರಣಕ್ಕೆ ಬಹಿರ್ಗೋಳ ಎನ್ನುತ್ತಾರೆ. ಭೂಮಿಗೂ ಬಹಿರ್ಗೋಳವಿದೆ, ಆದರೆ ಅದು ನೂರಾರು ಕಿ.ಮೀ. ಎತ್ತರದಲ್ಲಿ ಶುರುವಾಗುತ್ತದೆ. ಚಂದ್ರನಲ್ಲಿ ನೆಲದಿಂದಲೇ ಶುರು.

ಪ್ರಶ್ನೆ: ಅಲ್ಲಿರುವ ಅನಿಲಗಳು ಯಾವುವು? ಹಗುರವಾದ ಅನಿಲ ಹಾರಿಹೋಗಬೇಕಲ್ಲ, ಇನ್ನೂ ಹೇಗೆ ಉಳಿದಿದೆ?
*ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸಾಗರ*

ಉಳಿದಿಲ್ಲ, ಹೋಗುತ್ತಲೇ ಇದೆ, ಬರುತ್ತಲೂ ಇದೆ. ಅದಕ್ಕೇ ಇದರ ಅಧ್ಯಯನ ಇಷ್ಟು ಸ್ವಾರಸ್ಯದ್ದು: ನಾವು ನೋಡುವುದು ಕೂಡಿಟ್ಟ ಗಂಟನ್ನಲ್ಲ, ಆದಾಯ ಮತ್ತು ಖರ್ಚಿನ ಲೆಕ್ಕವನ್ನು. ಮುಖ್ಯವಾದವು ಹೀಲಿಯಂ, ನಿಯಾನ್, ಆರ್ಗಾನ್. ಇವಲ್ಲದೆ ಸೋಡಿಯಂ, ಪೊಟ್ಯಾಸಿಯಂ ಪರಮಾಣುಗಳು ಬಹಳ ಕಡಿಮೆ ಪ್ರಮಾಣದಲ್ಲಿವೆ. ಆದರೂ ಅವೆರಡನ್ನು 1988ರಲ್ಲೇ ಭೂಮಿಯ ದೂರದರ್ಶಕದಿಂದ ಪತ್ತೆ ಮಾಡಿದರು. ಬಿಸಿಲು ಬಿದ್ದರೆ ಅವು ಚೆನ್ನಾಗಿ ಹೊಳೆಯುತ್ತವೆ. ಸೋಡಿಯಂ ಹೊಳಪು 589 ನ್ಯಾನೋಮೀಟರಿನದು, ಎಲ್‌ಇಡಿ ಬರುವ ಮುಂಚೆ ನಮ್ಮ ಬೀದಿಗಳಲ್ಲಿದ್ದ ಹಳದಿ ದೀಪದ ಬಣ್ಣ.

ಹೀಲಿಯಂ ಬಹುಪಾಲು ಸೌರಮಾರುತದಿಂದ, ಅಂದರೆ ಸೂರ್ಯನಿಂದ ಸದಾ ಹರಿದುಬರುವ ವಿದ್ಯುದಾವೇಶದ ಕಣಗಳಿಂದ, ಬರುತ್ತದೆ, ಸ್ವಲ್ಪ ಚಂದ್ರನ ಒಳಗಿನ ಯುರೇನಿಯಂ, ಥೋರಿಯಂಗಳ ವಿಕಿರಣಶೀಲ ಕ್ಷಯದಿಂದ. ಹಗಲಿನ 400 ಕೆಲ್ವಿನ್ (ಸುಮಾರು 127 ಡಿಗ್ರಿ ಸೆಲ್ಸಿಯಸ್) ಬಿಸಿಯಲ್ಲಿ ಹೀಲಿಯಂ ಪರಮಾಣುವಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 1.6 ಕಿ.ಮೀ. ಚಂದ್ರನಿಂದ ತಪ್ಪಿಸಿಕೊಳ್ಳಲು 2.38 ಕಿ.ಮೀ. ಬೇಕು. ಸರಾಸರಿಗಿಂತ ಜೋರಾಗಿ ಓಡುವವು ಸದಾ ಇದ್ದೇ ಇರುತ್ತವೆ, ಅವು ಹೊರಟುಹೋಗುತ್ತವೆ.

ಆರ್ಗಾನ್ ಕತೆ ಬೇರೆ. ಬಂಡೆಯೊಳಗಿನ ಪೊಟ್ಯಾಸಿಯಂ-40 ಕ್ಷಯಿಸಿದಾಗ ನೂರರಲ್ಲಿ ಸುಮಾರು 11 ಪರಮಾಣು ಆರ್ಗಾನ್-40 ಆಗುತ್ತವೆ, ಮಿಕ್ಕವು ಕ್ಯಾಲ್ಸಿಯಂ. ಅರ್ಧಾಯುಷ್ಯ 125 ಕೋಟಿ ವರ್ಷ. ಹೀಗೆ ಹುಟ್ಟಿದ ಅನಿಲ ಬಿರುಕುಗಳಲ್ಲಿ ಜಿನುಗಿ ಮೇಲೆ ಬರುತ್ತದೆ. ಅದು ತೂಕದ್ದು, ವೇಗ ಸಾಲದು, ತಾನಾಗಿ ಹಾರಿಹೋಗಲಾರದು. ಸೂರ್ಯನ ಅತಿನೇರಳೆ ಬೆಳಕು ಅದರ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡಿದ ಮೇಲೆ ಸೌರಮಾರುತ ಅದನ್ನು ಎಳೆದುಕೊಂಡು ಹೋಗುತ್ತದೆ.

ರಾತ್ರಿ ನೆಲ ಸುಮಾರು 100 ಕೆಲ್ವಿನ್‌ಗೆ (ಸೊನ್ನೆಗಿಂತ 173 ಡಿಗ್ರಿ ಸೆಲ್ಸಿಯಸ್ ಕೆಳಗೆ) ತಣಿದಾಗ ಆರ್ಗಾನ್ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಬೆಳಕು ಹರಿದೊಡನೆ ಬಿಟ್ಟು ಏಳುತ್ತದೆ, ತೋಟದ ಇಬ್ಬನಿ ಬಿಸಿಲಿಗೆ ಏಳುವ ಹಾಗೆ. ಚಂದ್ರನ ಸಮಭಾಜಕದಲ್ಲಿ ಸೂರ್ಯೋದಯದ ಗೆರೆ ಗಂಟೆಗೆ ಸುಮಾರು 15 ಕಿ.ಮೀ. ಸರಿಯುತ್ತದೆ, ಸೈಕಲ್ ವೇಗ. ಆ ಗೆರೆಯ ಜೊತೆಗೇ ಆರ್ಗಾನಿನ ಒಂದು ಉಬ್ಬು ಚಂದ್ರನನ್ನು ಸುತ್ತುತ್ತಿರುತ್ತದೆ. 2013-14ರಲ್ಲಿ ಚಂದ್ರನನ್ನು ಸುತ್ತಿದ ನಾಸಾದ ಲ್ಯಾಡಿ ನೌಕೆ ಚಂದ್ರನ ಸ್ಥಳೀಯ ಕಾಲದಲ್ಲಿ (ಅಲ್ಲಿನ ಒಂದು ಹಗಲುರಾತ್ರಿಯನ್ನು 24 ಗಂಟೆಯಾಗಿ ಹಂಚಿದ ಲೆಕ್ಕ) ಹೀಲಿಯಂ ರಾತ್ರಿ ಒಂದು ಗಂಟೆಯ ಹೊತ್ತಿಗೆ, ನಿಯಾನ್ ನಾಲ್ಕಕ್ಕೆ, ಆರ್ಗಾನ್ ಸೂರ್ಯೋದಯಕ್ಕೆ ಗರಿಷ್ಠವಾಗುವುದನ್ನು ಅಳೆಯಿತು. ಪೊಟ್ಯಾಸಿಯಂ ಹೆಚ್ಚಿರುವ ಪಶ್ಚಿಮದ ಕಪ್ಪು ಬಯಲುಗಳ ಮೇಲೆ ಆರ್ಗಾನ್ ಹೆಚ್ಚು ಎಂಬುದೂ ಅದರಿಂದಲೇ ಗೊತ್ತಾಯಿತು.

ಪ್ರಶ್ನೆ: ಇಷ್ಟು ತೆಳುವಾದ ಅನಿಲವನ್ನು ಸುತ್ತುವ ನೌಕೆ ಹೇಗೆ ಅಳೆಯುತ್ತದೆ? ನೌಕೆಯಿಂದಲೇ ಸೋರುವ ಅನಿಲ ಅದರೊಳಗೆ ಸೇರುವುದಿಲ್ಲವೇ?
*ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ*

ನಿಮ್ಮ ಎರಡನೆಯ ಪ್ರಶ್ನೆಯೇ ಈ ಕ್ಷೇತ್ರದ ನಿಜವಾದ ಕಷ್ಟ. ಅನಿಲವನ್ನು ಹಿಡಿಯುವುದು ಸಾಧ್ಯವಿದೆ. ಹಿಡಿದದ್ದು ಯಾರದು ಎಂದು ಹೇಳುವುದೇ ಕಷ್ಟ.

ಮೊದಲು ಉಪಕರಣ. ಅನಿಲಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಕಾದ ತಂತಿಯೊಂದು ಎಲೆಕ್ಟ್ರಾನ್‌ಗಳನ್ನು ಹೊರಸೂಸುತ್ತದೆ. ಅವಕ್ಕೆ ಸಾಮಾನ್ಯವಾಗಿ 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟು ಒಳಬಂದ ಅನಿಲಕ್ಕೆ ಹೊಡೆಸುತ್ತಾರೆ. ಪರಮಾಣುಗಳು ಅಯಾನುಗಳಾಗುತ್ತವೆ. ಅವು ನಾಲ್ಕು ಸಮಾನಾಂತರ ಸರಳುಗಳ ನಡುವೆ ಹಾಯುತ್ತವೆ. ಸರಳುಗಳಿಗೆ ನೇರ ವಿದ್ಯುತ್ತಿನ ಜೊತೆಗೆ ರೇಡಿಯೊ ಆವರ್ತನದ ವಿದ್ಯುತ್ತನ್ನೂ ಕೊಟ್ಟಿರುತ್ತಾರೆ. ಒಂದು ಹೊಂದಾಣಿಕೆಗೆ ಒಂದೇ ತೂಕದ ಅಯಾನು ದಾಟುತ್ತದೆ, ಉಳಿದವು ಓಲಾಡಿ ಸರಳಿಗೆ ಬಡಿಯುತ್ತವೆ. ಹೊಂದಾಣಿಕೆ ಬದಲಿಸುತ್ತ ಹೋದರೆ ತೂಕ 1ರಿಂದ (ಹೈಡ್ರೋಜನ್ ಪರಮಾಣುವಿನ ತೂಕ 1 ಎಂಬ ಲೆಕ್ಕದಲ್ಲಿ) ಮೇಲಕ್ಕೆ ಒಂದೊಂದಾಗಿ ಎಣಿಕೆ ಸಿಗುತ್ತದೆ. ಚಂದ್ರಯಾನ-2ರ ಚೇಸ್-2 ಇಂಥದ್ದು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಪ್ರಯೋಗಾಲಯದಲ್ಲಿ ತಯಾರಾಯಿತು. 1ರಿಂದ 300ರವರೆಗಿನ ತೂಕ ನೋಡಬಲ್ಲದು.

ನೌಕೆಯ ಓಟವೂ ಇಲ್ಲಿ ನೆರವಿಗೆ ಬರುತ್ತದೆ. 100 ಕಿ.ಮೀ. ಎತ್ತರದಲ್ಲಿ ಅದು ಸೆಕೆಂಡಿಗೆ 1.63 ಕಿ.ಮೀ. ಓಡುತ್ತದೆ, ಚಂದ್ರನನ್ನು ಒಂದು ಸುತ್ತು ಹಾಕಲು 118 ನಿಮಿಷ. ಸಣ್ಣ ಬಾಯಿಯ ಒಂದು ಕೋಣೆಯನ್ನು ಓಟದ ದಿಕ್ಕಿಗೆ ಹಿಡಿದರೆ ಅನಿಲ ವೇಗವಾಗಿ ನುಗ್ಗುತ್ತದೆ, ಒಳಗೆ ಗೋಡೆಗೆ ತಾಗಿ ನಿಧಾನವಾಗುತ್ತದೆ, ಹೊರಹೋಗುವುದು ತಡವಾಗುತ್ತದೆ. ಕೋಣೆ 300 ಕೆಲ್ವಿನ್‌ನಲ್ಲಿದ್ದರೆ ಆರ್ಗಾನ್ ಹೊರಗಿನದಕ್ಕಿಂತ ಸುಮಾರು 16 ಪಟ್ಟು, ಹೀಲಿಯಂ ಸುಮಾರು 5 ಪಟ್ಟು ದಟ್ಟವಾಗುತ್ತದೆ. ಆದರೆ ಸೋಡಿಯಂ ಗೋಡೆಗೇ ಅಂಟಿಬಿಡುತ್ತದೆ. ಹಾಗಾಗಿ ಅದನ್ನು ಹೀಗೆ ಹಿಡಿಯುವಂತಿಲ್ಲ, ಅದರ ಹಳದಿ ಬೆಳಕನ್ನೇ ನೋಡಬೇಕು. ಲ್ಯಾಡಿಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರಿನ ಜೊತೆ ಬೆಳಕಿನ ಸ್ಪೆಕ್ಟ್ರೋಮೀಟರ್ ಕೂಡ ಇದ್ದದ್ದು ಇದಕ್ಕೇ.

ಈಗ ಸೋರಿಕೆ. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಎಷ್ಟು ತೊಳೆದು ಬಿಸಿಲಿಗಿಟ್ಟರೂ ಮುಚ್ಚಳ ತೆಗೆದಾಗ ಪರಿಮಳ ಬಂದೇ ಬರುತ್ತದೆ. ನೌಕೆಯೂ ಹಾಗೆ. ಬಣ್ಣ, ಅಂಟು, ವಯರಿನ ಹೊದಿಕೆ, ಪದರಪದರದ ಉಷ್ಣಕವಚ, ಎಲ್ಲದರೊಳಗೂ ನೆಲದ ಮೇಲಿದ್ದಾಗ ಹೀರಿಕೊಂಡ ನೀರಿನ ಅಂಶವಿರುತ್ತದೆ. ನಿರ್ವಾತದಲ್ಲಿ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೊರಬರುತ್ತದೆ. ಬಿಸಿಲು ಬಿದ್ದ ಕಡೆ ಇನ್ನೂ ಹೆಚ್ಚು. ಇಂಧನ ಉರಿಸಿದರೆ ನೀರು, ನೈಟ್ರೋಜನ್, ಕಾರ್ಬನ್ ಮಾನಾಕ್ಸೈಡ್ ಸುತ್ತಲೂ ಹರಡುತ್ತದೆ. ಚಂದ್ರನಲ್ಲಿ ನಾವು ಹುಡುಕುವುದು ಇವನ್ನೂ ಸೇರಿಸಿಯೇ ಎನ್ನುವುದು ತೊಡಕು.

1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿಗಳು ನೆಲದ ಮೇಲೆ ಇಟ್ಟುಬಂದ ಉಪಕರಣಕ್ಕೂ ಇದೇ ಆಯಿತು. ಹಗಲಲ್ಲಿ ಸುತ್ತಲ ಸಾಮಾನು ಕಾದು ಬಿಟ್ಟ ಅನಿಲದಲ್ಲಿ ಚಂದ್ರನದು ಮುಳುಗಿಹೋಯಿತು. ನಂಬಬಹುದಾದ ಅಳತೆ ಸಿಕ್ಕಿದ್ದು ರಾತ್ರಿ ಮಾತ್ರ. ನಮ್ಮ ಚಂದ್ರಯಾನ-1ರಿಂದ 2008ರ ನವೆಂಬರ್ 14ರಂದು ಬಿದ್ದ ಶೋಧಕದಲ್ಲಿದ್ದ, ಇದೇ ಬಗೆಯ ಮೊದಲ ಉಪಕರಣ ಚೇಸ್ ಸುಮಾರು 25 ನಿಮಿಷದ ಇಳಿತದುದ್ದಕ್ಕೂ ಹಗಲಿನ ಭಾಗದಲ್ಲಿ ಅಳೆಯಿತು, ತೂಕ 18ರಲ್ಲಿ ನೀರು ಕಂಡಿತು. ಅದರಲ್ಲಿ ಎಷ್ಟು ಚಂದ್ರನದು, ಎಷ್ಟು ಶೋಧಕದ್ದು ಎಂಬ ಚರ್ಚೆ ಆಮೇಲೂ ನಡೆಯಿತು. ಹಗಲಿನ ಭಾಗವನ್ನು ಅಷ್ಟು ಹತ್ತಿರದಿಂದ ಅಳೆದ ಪ್ರಯತ್ನ ಅದು. ಆ ಚರ್ಚೆಯಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಬೇರ್ಪಡಿಸುವ ದಾರಿ ಹೀಗಿದೆ. ಉಡಾವಣೆಗೆ ಮುಂಚೆಯೇ ಉಪಕರಣವನ್ನು ನಿರ್ವಾತದಲ್ಲಿ ಬೇಯಿಸಿ ನೀರು ಬಿಡಿಸುತ್ತಾರೆ. ಕಕ್ಷೆಗೆ ಹೋದ ಮೇಲೆ ತಂತಿ ಹೊತ್ತಿಸಿ, ಅದರ ಸುತ್ತಲ ಭಾಗ ಕಾದು ಬಿಡುವ ಅನಿಲ ಇಳಿಯುವವರೆಗೆ ಕಾಯುತ್ತಾರೆ. ಮೊದಲ ಎಣಿಕೆಗಳನ್ನು ನಂಬುವುದಿಲ್ಲ. ಒತ್ತಡ ಹೆಚ್ಚಿದ್ದಾಗ ಹೊತ್ತಿಸಿದರೆ ತಂತಿಯೇ ಸುಟ್ಟುಹೋಗುತ್ತದೆ. ಆಮೇಲೆ ಬಾಯಿಯನ್ನು ಓಟದ ದಿಕ್ಕಿಗೆ ಇಟ್ಟು ಒಮ್ಮೆ, ಹಿಂದಕ್ಕೆ ತಿರುಗಿಸಿ ಒಮ್ಮೆ ಅಳೆಯುತ್ತಾರೆ. ಹಿಂದಕ್ಕೆ ತಿರುಗಿದಾಗ ಚಂದ್ರನ ಅನಿಲ ಹೆಚ್ಚುಕಡಿಮೆ ಒಳಬರುವುದಿಲ್ಲ, ಸಿಗುವುದು ನೌಕೆಯದು. ಕಳೆಯಿರಿ. ಎಂಜಿನ್ ಉರಿಸಿದ ನಂತರದ ಮಾಹಿತಿಯನ್ನು ಪಕ್ಕಕ್ಕಿಡುತ್ತಾರೆ.

ತೂಕಗಳೂ ಮೋಸ ಮಾಡುತ್ತವೆ. 28 ಎಂದರೆ ನೈಟ್ರೋಜನ್ ಇರಬಹುದು, ಕಾರ್ಬನ್ ಮಾನಾಕ್ಸೈಡೂ ಇರಬಹುದು. 20 ಎಂದರೆ ನಿಯಾನ್ ಎಂದು ಹಿಗ್ಗುವಂತಿಲ್ಲ: ಉಪಕರಣ ನಿಜವಾಗಿ ನೋಡುವುದು ತೂಕವನ್ನು ಆವೇಶದಿಂದ ಭಾಗಿಸಿದ್ದನ್ನು, ಹಾಗಾಗಿ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆರ್ಗಾನ್-40 ಕೂಡ 20ರಲ್ಲೇ ಕಾಣುತ್ತದೆ, ಆಮ್ಲಜನಕ-18 ಇರುವ ನೀರೂ ಅಲ್ಲೇ ಬಂದು ಕೂರುತ್ತದೆ. ಅದಕ್ಕೆ 40ರ ಎಣಿಕೆ ಮತ್ತು 18ರ ಎಣಿಕೆ ನೋಡಿ, ಅವುಗಳ ಪಾಲು ಲೆಕ್ಕ ಹಾಕಿ 20ರಿಂದ ಕಳೆಯಬೇಕು. ಹೀಲಿಯಂ ಮತ್ತು ಆರ್ಗಾನ್ ಬಗ್ಗೆ ಎಲ್ಲರೂ ಧೈರ್ಯವಾಗಿ ಮಾತಾಡುವುದಕ್ಕೂ, ನೀರಿನ ಬಗ್ಗೆ ತಡೆದು ಮಾತಾಡುವುದಕ್ಕೂ ಕಾರಣ ಇದು: ನೌಕೆಯೊಳಗಿಂದ ಆರ್ಗಾನ್ ಸೋರುವುದು ಅಪರೂಪ, ನೀರು ಸೋರದ ನೌಕೆಯೇ ಇಲ್ಲ.

ಪ್ರಶ್ನೆ: ಚಂದ್ರಯಾನ-2 ನೂರು ಕಿ.ಮೀ. ಮೇಲಿದೆ. ಲ್ಯಾಡಿಯನ್ನು ಅದಕ್ಕಿಂತ ಬಹಳ ಕೆಳಗೆ ಇಳಿಸಿದ್ದೇಕೆ?
*ಭೌತಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿ, ಶಂಕರಘಟ್ಟ*

ನೀವೇ ಲೆಕ್ಕ ಹಾಕಬಹುದು. ಬೋಲ್ಟ್ಜ್‌ಮನ್ ಸ್ಥಿರಾಂಕವನ್ನು ಉಷ್ಣತೆಯಿಂದ ಗುಣಿಸಿ, ಪರಮಾಣುವಿನ ರಾಶಿ ಮತ್ತು ಚಂದ್ರನ ಗುರುತ್ವ 1.62ರ ಗುಣಲಬ್ಧದಿಂದ ಭಾಗಿಸಿ. ಬರುವ ಎತ್ತರದಲ್ಲಿ ಸಾಂದ್ರತೆ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. 100 ಕೆಲ್ವಿನ್‌ನಲ್ಲಿ ಹೀಲಿಯಂಗೆ ಅದು 128 ಕಿ.ಮೀ., ಆರ್ಗಾನಿಗೆ ಬರೀ 13 ಕಿ.ಮೀ. ಅಂದರೆ ತಂಪು ನೆಲದ ಮೇಲಿನ ಆರ್ಗಾನ್ 100 ಕಿ.ಮೀ. ಎತ್ತರದಲ್ಲಿ ಸುಮಾರು 2,500ರಲ್ಲಿ ಒಂದು ಪಾಲು. 20 ಕಿ.ಮೀ.ನಲ್ಲಾದರೆ ಐದರಲ್ಲಿ ಒಂದು ಪಾಲು. ಹಗಲಿನ 400 ಕೆಲ್ವಿನ್‌ನಲ್ಲಿ ಎತ್ತರ 51 ಕಿ.ಮೀ. ಆಗುವುದರಿಂದ 100 ಕಿ.ಮೀ.ನಲ್ಲೂ ಏಳರಲ್ಲಿ ಒಂದು ಪಾಲು ಸಿಗುತ್ತದೆ. ಚಂದ್ರಯಾನ-2 ಎರಡೂ ಗೋಳಾರ್ಧಗಳಲ್ಲಿ 60 ಡಿಗ್ರಿ ಅಕ್ಷಾಂಶದವರೆಗೆ ಆರ್ಗಾನ್ ಹಂಚಿಕೆಯನ್ನು ನೋಡಿದ್ದು ದೊಡ್ಡ ಕೆಲಸ. ಅದಕ್ಕೆ ಮುಂಚಿನ ಅಳತೆಗಳು ಸಮಭಾಜಕದ ಆಸುಪಾಸಿನವು.

ಕೆಳಗೆ ಹಾರುವುದಕ್ಕೆ ಬೆಲೆ ಇದೆ. ಚಂದ್ರನ ಒಳಗೆ ರಾಶಿ ಸಮನಾಗಿ ಹರಡಿಲ್ಲ, ಕೆಲವು ದೊಡ್ಡ ಬಟ್ಟಲಾಕಾರದ ಬಯಲುಗಳ ಕೆಳಗೆ ದಟ್ಟ ಗಡ್ಡೆಗಳಿವೆ. ಅವು ಕಕ್ಷೆಯನ್ನು ಎಳೆದು ಸೊಟ್ಟಗೆ ಮಾಡುತ್ತವೆ. ಪದೇ ಪದೇ ಎಂಜಿನ್ ಉರಿಸಿ ತಿದ್ದದಿದ್ದರೆ ನೌಕೆ ನೆಲಕ್ಕೆ ತಾಗುತ್ತದೆ. 2013ರ ಸೆಪ್ಟೆಂಬರಿನಲ್ಲಿ ಹೊರಟ ಲ್ಯಾಡಿ ಇಂಧನ ಮುಗಿಯುತ್ತ ಬಂದ ಮೇಲೆ 2014ರ ಏಪ್ರಿಲ್ 18ರಂದು ಚಂದ್ರನ ಹಿಂಬದಿಗೆ ಬಿತ್ತು. ನೂರು ಕಿ.ಮೀ. ಮೇಲಿನ ಚಂದ್ರಯಾನ-2 ವರ್ಷಗಟ್ಟಲೆ ನಡೆದಿದೆ. ಒಂದಕ್ಕೆ ಹತ್ತಿರ ಸಿಕ್ಕಿತು, ಇನ್ನೊಂದಕ್ಕೆ ಕಾಲ ಸಿಕ್ಕಿತು.

ಪ್ರಾಜೆಕ್ಟಿಗೆ ಮಾಹಿತಿ ಬೇಕಿದ್ದರೆ ಬ್ಯಾಲಾಳುವಿನ ಇಸ್ರೊ ದತ್ತಾಂಶ ಕೇಂದ್ರದ ‘ಪ್ರದಾನ್’ ತಾಣದಲ್ಲಿ ನೋಂದಾಯಿಸಿ. ಹಣ ಕೊಡಬೇಕಿಲ್ಲ. ಪ್ರತಿ ಕಡತದ ಜೊತೆ ವಿವರಣೆಯ ಕಡತವೊಂದಿರುತ್ತದೆ, ಮೊದಲು ಅದನ್ನು ಪೂರ್ತಿ ಓದಿ. ಎಣಿಕೆಯನ್ನು ಗಡಿಯಾರದ ಕಾಲಕ್ಕೆ ಅಲ್ಲ, ಚಂದ್ರನ ಸ್ಥಳೀಯ ಕಾಲಕ್ಕೆ ಎದುರಾಗಿ ನಕ್ಷೆ ಹಾಕಿ.

ಪ್ರಶ್ನೆ: ಕೆಲವು ರಾತ್ರಿ ಚಂದ್ರನ ಸುತ್ತ ದೊಡ್ಡ ಬಳೆ ಕಾಣುತ್ತದೆ. ಅದೇ ಚಂದ್ರನ ವಾತಾವರಣವೇ?
*ಅಡಿಕೆ ಬೆಳೆಗಾರರು, ಹೊಸನಗರ*

ಅಲ್ಲ. ಆ ಬಳೆ ನಮ್ಮ ಗಾಳಿಯದೇ. ಬಹಳ ಎತ್ತರದ ತೆಳು ಮೋಡದಲ್ಲಿರುವ ಹಿಮದ ಹರಳುಗಳು ಬೆಳಕನ್ನು 22 ಡಿಗ್ರಿ ಬಾಗಿಸುವುದರಿಂದ ಅದು ಕಾಣುತ್ತದೆ. ಕೈ ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಚಂದ್ರನಿಗೆ ಅಂಟಿಕೊಂಡಂತೆ ಸಣ್ಣ ಬಣ್ಣದ ತಟ್ಟೆ ಕಂಡರೆ ಅದು ಮಂಜಿನ ಅಥವಾ ಮೋಡದ ನೀರಹನಿಗಳದು.

ಪ್ರಶ್ನೆ: ಸೌರ ಬಿರುಗಾಳಿಯಿಂದ ಚಂದ್ರನ ವಾತಾವರಣ ಹತ್ತು ಪಟ್ಟಾಯಿತು ಎಂದು ಓದಿದೆ. ನಿಜವೇ? ನೌಕೆಗಳು ಇಳಿದರೂ ಹಾಗಾಗುತ್ತದೆಯೇ?
*ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ*

ನಿಜ. 2024ರ ಮೇ 10ರಂದು ಸೂರ್ಯನಿಂದ ಚಿಮ್ಮಿದ ರಾಶಿ ಚಂದ್ರನಿಗೆ ಬಡಿದಾಗ, ಹಗಲಿನ ಬದಿಯ ಬಹಿರ್ಗೋಳದ ಒಟ್ಟು ಒತ್ತಡ ಹೆಚ್ಚಿದ್ದನ್ನು, ಪರಮಾಣುಗಳ ಸಂಖ್ಯೆ ಹತ್ತು ಪಟ್ಟಿಗೂ ಮೀರಿ ಏರಿದ್ದನ್ನು ಚೇಸ್-2 ದಾಖಲಿಸಿತು. ಭೂಮಿಯಂತೆ ಚಂದ್ರನಿಗೆ ಕಾಂತಕ್ಷೇತ್ರದ ಕೊಡೆಯಿಲ್ಲ. ವೇಗದ ಅಯಾನುಗಳು ನೇರ ಮಣ್ಣಿಗೆ ಹೊಡೆದು ಪರಮಾಣುಗಳನ್ನು ಎಬ್ಬಿಸುತ್ತವೆ. ಹೀಗಾಗುತ್ತದೆ ಎಂದು ಲೆಕ್ಕದಲ್ಲಿ ಮೊದಲೇ ಗೊತ್ತಿತ್ತು. ಹಾಗೆ ಆಗುವಾಗಲೇ ಅಳೆದದ್ದು ಇದೇ ಮೊದಲು. ಉಪಕರಣವೊಂದು ವರ್ಷಗಟ್ಟಲೆ ಕಾದು ಕೂತಿದ್ದರೆ ಮಾತ್ರ ಇಂಥದ್ದು ಸಿಗುತ್ತದೆ.

ನೌಕೆಗಳ ವಿಚಾರ ಚಿಂತಿಸಬೇಕಾದ್ದೇ. ಅಪೊಲೊದ ಒಂದೊಂದು ಇಳಿನೌಕೆ ಇಳಿಯಲು ಸುಮಾರು 8 ಟನ್ ಇಂಧನ ಹೊತ್ತಿತ್ತು, ಆರು ನೌಕೆ ಇಳಿದವು. ಚಂದ್ರನ ಸ್ವಂತ ಅನಿಲ 25 ಟನ್ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಆದರೆ ಆ ಹೊಗೆ ನಿಲ್ಲುವುದಿಲ್ಲ. 2013ರ ಡಿಸೆಂಬರ್ 14ರಂದು ಚೀನಾದ ಚಾಂಗ್-ಎ 3 ಇಳಿದಾಗ ಲ್ಯಾಡಿ ಮೇಲೆಯೇ ಸುತ್ತುತ್ತಿತ್ತು. ಆ ಇಳಿಕೆಯದೇ ಎನ್ನುವಂಥ ಬದಲಾವಣೆ ಅದಕ್ಕೆ ಕಾಣಲಿಲ್ಲ. ಒಂದು ಇಳಿಕೆಯ ಮಾತು ಬೇರೆ, ತಿಂಗಳಿಗೊಂದು ಇಳಿಯತೊಡಗಿದರೆ ಬೇರೆ. ಸಂಚಾರ ಹೆಚ್ಚುವ ಮುಂಚೆ ಸಹಜ ಸ್ಥಿತಿಯನ್ನು ಚೆನ್ನಾಗಿ ಅಳೆದಿಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಧ್ರುವದ ಗುಂಡಿಗಳಲ್ಲಿ ಬಿಸಿಲೇ ಬೀಳದ ಕಡೆ ಹೋಗಿ ಅಂಟಿದ ಹೊಗೆಯ ನೀರು ಮತ್ತೆ ಬಿಡುವುದಿಲ್ಲ. ಆಮೇಲೆ ಅಲ್ಲಿ ನೀರು ಕಂಡರೆ ಅದು ಚಂದ್ರನದೋ ನಮ್ಮದೋ ಎಂದು ಹೇಳುವವರು ಯಾರು?

ಪ್ರಶ್ನೆ: ಚಂದ್ರನ ಮೇಲೆ ಧೂಳು ತೇಲುತ್ತದೆ ಎನ್ನುತ್ತಾರೆ. ಗಾಳಿಯಿಲ್ಲದೆ ತೇಲುವುದು ಹೇಗೆ?
*ಪದವಿ ವಿದ್ಯಾರ್ಥಿನಿ, ಕೊಪ್ಪ*

ತೇಲುವುದಲ್ಲ, ಚಿಮ್ಮಿ ಬೀಳುವುದು. ಸಣ್ಣ ಉಲ್ಕಾಕಣಗಳು ನಿರಂತರವಾಗಿ ಬಡಿಯುತ್ತವೆ, ಪ್ರತಿ ಬಡಿತಕ್ಕೂ ಮಣ್ಣು ಮೇಲೇಳುತ್ತದೆ. ಲ್ಯಾಡಿಯ ಧೂಳು ಉಪಕರಣಕ್ಕೆ ಸರಾಸರಿ ನಿಮಿಷಕ್ಕೊಂದು ಕಣ ತಾಗುತ್ತಿತ್ತು. ಒಂದು ಹೊತ್ತಿನಲ್ಲಿ ಮೇಲಿರುವ ಒಟ್ಟು ಧೂಳು ಸುಮಾರು 120 ಕಿಲೋ, ಇಡೀ ಚಂದ್ರನಿಗೆ! ಡಿಸೆಂಬರಿನ ಜೆಮಿನಿಡ್ ಉಲ್ಕಾವೃಷ್ಟಿಯ ಹೊತ್ತಿಗೆ ಅದು ಹೆಚ್ಚಿತು. ಉಲ್ಕಾವೃಷ್ಟಿಗಳ ಹೊತ್ತಿಗೆ ನೀರಿನ ಆವಿಯೂ ಏಳುವುದನ್ನು ಅದೇ ನೌಕೆಯ ಮಾಹಿತಿ ತೋರಿಸಿತು. ಮೇಲಿನ ಸುಮಾರು 8 ಸೆಂ.ಮೀ. ಒಣಮಣ್ಣನ್ನು ದಾಟಿ ಒಳಹೊಕ್ಕ ಕಣಗಳಷ್ಟೇ ನೀರು ಬಿಡಿಸಬಲ್ಲವು.

ಪ್ರಶ್ನೆ: ಚಂದ್ರನಲ್ಲಿ ಗಾಳಿಯಿಲ್ಲ ಎಂಬುದನ್ನು ನಮ್ಮೂರಿನಿಂದಲೇ ಕಣ್ಣಾರೆ ನೋಡಬಹುದೇ?
*ಆಗುಂಬೆ ಸಮೀಪದ ಓದುಗರು*

ಖಂಡಿತ. ಚಂದ್ರ ಒಂದು ನಕ್ಷತ್ರವನ್ನು ಮರೆಮಾಡುವಾಗ ನೋಡಿ. ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ, ಕೃತ್ತಿಕೆಯ ಗುಂಪು, ಇವು ಚಂದ್ರನ ದಾರಿಯಲ್ಲಿ ಸಿಗುವಂಥವು. ಎಲ್ಲ ವರ್ಷವೂ ಎಲ್ಲವೂ ಸಿಗುವುದಿಲ್ಲ. ಸ್ಟೆಲೇರಿಯಂ ತಂತ್ರಾಂಶದಲ್ಲಿ ನಿಮ್ಮ ಊರನ್ನೇ ಹಾಕಿ ಹೊತ್ತು ನೋಡಿಕೊಳ್ಳಿ. ಬೆಂಗಳೂರಿನ ಹೊತ್ತು ನಿಮಗೆ ನಿಮಿಷಗಳಷ್ಟು ತಪ್ಪುತ್ತದೆ. ಶುಕ್ಲಪಕ್ಷದ ಪಂಚಮಿಯಿಂದ ಏಕಾದಶಿಯವರೆಗಿನ ದಿನ ಒಳ್ಳೆಯದು. ಆಗ ಚಂದ್ರನ ಕತ್ತಲ ಅಂಚು ಮುಂದಿರುತ್ತದೆ, ನಕ್ಷತ್ರ ಅದರ ಹಿಂದೆ ಹೋಗುತ್ತದೆ. ನಿಮ್ಮ ಕಡೆ ಮಳೆಗಾಲ ಬಿಟ್ಟು ಡಿಸೆಂಬರಿನಿಂದ ಫೆಬ್ರುವರಿವರೆಗಿನ ಆಕಾಶ ನಂಬಬಹುದು.

10×50 ಬೈನಾಕ್ಯುಲರ್ ಸಾಕು, ಆದರೆ ಕೈಯಲ್ಲಿ ಹಿಡಿಯಬೇಡಿ, ಸ್ಟ್ಯಾಂಡಿಗೆ ಅಥವಾ ಅಂಗಳದ ಕಟ್ಟೆಗೆ ಊರಿ. ಹತ್ತು ನಿಮಿಷ ಮುಂಚೆ ಕಣ್ಣಿಡಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸುತ್ತ ಮೊದಲು ಸರಿಯಾದ ಸಮಯ ಹೇಳಿ, ನಕ್ಷತ್ರ ಮಾಯವಾದೊಡನೆ ‘ಹೋಯ್ತು’ ಎನ್ನಿ. ನಿಮ್ಮ ಬಾಯಿ ಕಣ್ಣಿಗಿಂತ ಸುಮಾರು ಮೂರನೇ ಒಂದು ಸೆಕೆಂಡ್ ಹಿಂದಿರುತ್ತದೆ, ಅದನ್ನು ಕಳೆಯಿರಿ. ನಮ್ಮ ದಿಗಂತದಲ್ಲಿ ಮುಳುಗುವ ನಕ್ಷತ್ರ ಕೆಂಪಾಗಿ ಮಂಕಾಗಿ ನಡುಗುತ್ತ ಹೋಗುತ್ತದೆ. ಚಂದ್ರನ ಅಂಚಿನಲ್ಲಿ ಹಾಗಿಲ್ಲ. ಸ್ವಿಚ್ ಆರಿಸಿದಂತೆ, ಸೆಕೆಂಡಿನ ನೂರನೇ ಕೆಲವು ಭಾಗದಲ್ಲಿ, ಇಲ್ಲವಾಗುತ್ತದೆ. ಗುರುಗ್ರಹ ಮರೆಯಾಗಲು ಮಾತ್ರ ಒಂದು ನಿಮಿಷ ದಾಟುತ್ತದೆ. ಅದು ಬಿಂದುವಲ್ಲ, ತಟ್ಟೆ.

ನಕ್ಷತ್ರ ಎರಡು ಹಂತದಲ್ಲಿ ಆರಿದರೆ ಅದು ಜೋಡಿ ನಕ್ಷತ್ರ, ಜ್ಯೇಷ್ಠಾ ಅಂಥದ್ದು. ನಿಧಾನವಾಗಿ ಮಂಕಾದರೆ ಚಂದ್ರನ ಗಾಳಿ ಕಂಡೆವೆಂದು ಬರೆಯುವ ಮುಂಚೆ ಮಸೂರ ನೋಡಿ. ಮಲೆನಾಡಿನ ಚಳಿಯಲ್ಲಿ ಅರ್ಧ ಗಂಟೆಗೆ ಅದರ ಮೇಲೆ ಇಬ್ಬನಿ ಕೂರುತ್ತದೆ. ಒರೆಸಿದರೆ ಗೀಚುತ್ತದೆ. ಕಪ್ಪು ಚಾರ್ಟ್ ಹಾಳೆಯನ್ನು ಸುರುಳಿ ಮಾಡಿ ಮಸೂರದ ಮುಂದೆ ಹತ್ತು ಸೆಂ.ಮೀ. ಚಾಚುವಂತೆ ಎರಡೂ ಕೊಳವೆಗೆ ರಬ್ಬರ್‌ಬ್ಯಾಂಡ್ ಹಾಕಿ, ಮೊದಲೇ.